ಒಂದೆಲಗ ಕುಂಡದಲ್ಲಿ ಯಾಕೆ ಸಾಯುತ್ತದೆ? ಬಳ್ಳಿ ಗುರುತಿಸುವುದರಿಂದ ತಂಬುಳಿಯವರೆಗೆ

ಊರಿಗೆ ಹೋದಾಗಲೆಲ್ಲ ಅಡಿಕೆ ತೋಟದ ಬಸಿಗಾಲುವೆ ಬದಿಯಿಂದ ಒಂದು ಚೀಲ ಒಂದೆಲಗ ಕಿತ್ತು ತಂದು ಬೆಂಗಳೂರಿನ ಪರಿಚಯದವರಿಗೆ ಹಂಚುತ್ತೇನೆ. ತಿಂಗಳೊಳಗೆ ಫೋನ್ ಶುರುವಾಗುತ್ತದೆ. ಒಬ್ಬರದು ಒಣಗಿತು, ಇನ್ನೊಬ್ಬರದು ಕೊಳೆಯಿತು, ಮತ್ತೊಬ್ಬರದು ಬದುಕಿದೆ ಆದರೆ ಎಲೆ ಹುಣಸೆಬೀಜದಷ್ಟೇ ಇದೆ. ತೋಟದಲ್ಲಿ ಯಾರೂ ಕೇಳದೆಯೇ ಹಬ್ಬುವ ಸೊಪ್ಪು ಬಾಲ್ಕನಿಯಲ್ಲಿ ಮುದ್ದು ಮಾಡಿದರೂ ಉಳಿಯುವುದಿಲ್ಲ.

ಕೇಳುತ್ತಾ ಹೋದರೆ ತಪ್ಪು ಹೆಚ್ಚುಕಮ್ಮಿ ಒಂದೇ. ಎಲ್ಲರೂ ಇದನ್ನು ತುಳಸಿಯ ಹಾಗೆ ಆಳದ ಕುಂಡದಲ್ಲಿ, ನಡುಮಧ್ಯೆ, ಬಿಸಿಲಿಗೆ ಇಟ್ಟಿರುತ್ತಾರೆ. ಒಂದೆಲಗ ಮೇಲಕ್ಕೆ ಬೆಳೆಯುವುದಿಲ್ಲ, ನೆಲದ ಮೇಲೆ ಓಡುತ್ತದೆ. ಓಡುವ ಬಳ್ಳಿ ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ, ಆ ಗೆಣ್ಣಿಂದ ಹೊಸ ಎಲೆ ಏಳುತ್ತದೆ. ಗೆಣ್ಣು ಕೂರಲು ಒದ್ದೆ ಮಣ್ಣು ಸಿಗದಿದ್ದರೆ ಬಳ್ಳಿ ಗಾಳಿಯಲ್ಲಿ ಜೋತಾಡಿ ಒಣಗುತ್ತದೆ. ಕೆಳಗಿನ ಹಂತಗಳೆಲ್ಲ ಈ ಒಂದು ಗುಣಕ್ಕೆ ಹೊಂದಿಕೊಂಡವು. ಒಂದೆಲಗ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎನ್ನುವ ಕಥೆ ಇಲ್ಲಿ ಬೇಡ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಹಂತ 1: ನಿಮ್ಮ ಕೈಲಿರುವುದು ಒಂದೆಲಗವೇ ನೋಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಒಂದೆಲಗ, ನೀರುಬ್ರಾಹ್ಮಿ ಎರಡನ್ನೂ ಬ್ರಾಹ್ಮಿ ಎನ್ನುತ್ತಾರೆ. ಹಾಗಾಗಿ "ಬ್ರಾಹ್ಮಿ ಕೊಡಿ" ಎಂದು ನರ್ಸರಿಯಲ್ಲಿ ಕೇಳಿದರೆ ಈ ಎರಡು ಬೇರೆ ಬೇರೆ ಗಿಡಗಳಲ್ಲಿ ಯಾವುದು ಬೇಕಾದರೂ ಸಿಗಬಹುದು. ನನಗೇ ಒಮ್ಮೆ ಹೀಗಾಗಿದೆ. ಚೀಟಿಯಲ್ಲಿ ಬ್ರಾಹ್ಮಿ ಎಂದಿತ್ತು, ಮನೆಗೆ ಬಂದು ನೋಡಿದರೆ ನೀರುಬ್ರಾಹ್ಮಿ. ಅಂಗಡಿಯವರ ಲೆಕ್ಕದಲ್ಲಿ ಅದೂ ಸರಿಯೇ.

ಒಂದೆಲಗದ ಎಲೆ ದುಂಡಗೆ, ಒಂದರಿಂದ ಎರಡು ಇಂಚು ಅಗಲ. ತೊಟ್ಟು ಕೂಡುವ ಜಾಗದಲ್ಲಿ ಎಲೆ ಒಳಕ್ಕೆ ಸೀಳಿರುತ್ತದೆ. ಅಂಚಿನಲ್ಲಿ ಮೊಂಡಾದ ಸಣ್ಣ ಹಲ್ಲುಗಳು. ನರಗಳು ಆ ಸೀಳಿನ ಬುಡದಿಂದ ಬೀಸಣಿಗೆಯಂತೆ ಹರಡುತ್ತವೆ. ಒಂದು ತೊಟ್ಟಿಗೆ ಒಂದೇ ಎಲೆ, ಹೆಸರಲ್ಲೇ ಇದೆಯಲ್ಲ. ಬಾಯಿಗೆ ಹಾಕಿದರೆ ಮೊದಲು ಒಗರು, ಆಮೇಲೆ ಸಣ್ಣಗೆ ಕಹಿ. ಕರಾವಳಿಯಲ್ಲಿ ತಿಮರೆ, ಹವ್ಯಕರ ಮನೆಗಳಲ್ಲಿ ಉರಗೆ, ಕೆಲವೆಡೆ ಸರಸ್ವತಿ ಸೊಪ್ಪು ಎನ್ನುವುದೂ ಇದನ್ನೇ. ಸಸ್ಯಶಾಸ್ತ್ರದ ಹೆಸರು ಸೆಂಟೆಲ್ಲಾ ಏಷ್ಯಾಟಿಕಾ. ಕೊತ್ತಂಬರಿ, ಜೀರಿಗೆ, ಸೋಂಪಿನ ಕುಟುಂಬದ್ದು.

ಮೋಸ ಹೋಗುವುದು ಈ ಮೂರರಲ್ಲಿ:

ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೇರಿ. ಎಲೆ ಚಿಕ್ಕದು, ದಪ್ಪ, ಉದ್ದುದ್ದ. ಕಾಂಡದ ಎರಡೂ ಬದಿಗೆ ಜೋಡಿ ಜೋಡಿಯಾಗಿ ಇರುತ್ತದೆ. ಹೂ ಬಿಳಿ ಅಥವಾ ತಿಳಿ ನೇರಳೆ. ಔಷಧಿಗೆ ಬಳಸುತ್ತಾರೆ, ಆದರೆ ಇದು ಒಂದೆಲಗವಲ್ಲ. ತಂಬುಳಿಗೆ ಇದರ ಕಹಿ ತಡೆಯಲಾಗುವುದಿಲ್ಲ.

ಅಲಂಕಾರಕ್ಕೆ ಮಾರುವ ನಾಣ್ಯದೆಲೆ ಗಿಡ. ಎಲೆ ಪೂರ್ತಿ ವೃತ್ತ, ಹೊಳಪು ಜಾಸ್ತಿ. ತೊಟ್ಟು ಎಲೆಯ ನಡುವಿಗೆ ಕೊಡೆಯ ಕೋಲಿನಂತೆ ಬಂದು ಸೇರುತ್ತದೆ. ಎಲೆಯನ್ನು ತಿರುಗಿಸಿ ನೋಡಿ: ತೊಟ್ಟು ನಡುವಲ್ಲಿದ್ದರೆ ಅದು ಒಂದೆಲಗವಲ್ಲ, ಸೀಳಿನ ಬುಡದಲ್ಲಿದ್ದರೆ ಮುಂದಿನ ಗುರುತು ನೋಡಿ.

ಇಲಿಕಿವಿ ಬಳ್ಳಿ. ಹೊಲದ ಬದುಗಳಲ್ಲಿ ಸಿಗುತ್ತದೆ, ಎಲೆಯ ಆಕಾರ ಬಹಳ ಹತ್ತಿರ. ಆದರೆ ಇದರ ಹೂ ಹಳದಿ, ಪುಟ್ಟ ಗಂಟೆಯಂತೆ. ಹೂ ಇಲ್ಲದ ಹೊತ್ತಲ್ಲಿ ಸಂಶಯ ಬಂದರೆ ತಿನ್ನಬೇಡಿ, ಗೊತ್ತಿದ್ದವರಿಗೆ ತೋರಿಸಿ.

ಒಂದೆಲಗದ ಹೂವನ್ನು ಬಹಳ ಜನ ನೋಡಿಯೇ ಇರುವುದಿಲ್ಲ. ಎಲೆಗಳನ್ನು ಕೈಯಿಂದ ಸರಿಸಿ ಮಣ್ಣಿನ ಹತ್ತಿರ ನೋಡಬೇಕು. ಗೆಣ್ಣಿನ ಬಳಿ ಗಿಡ್ಡ ದಂಟಿನ ಮೇಲೆ ಮೂರ್ನಾಲ್ಕು ಹೂಗಳ ಪುಟ್ಟ ಗೊಂಚಲು, ಬಣ್ಣ ಮಾಸಲು ಗುಲಾಬಿ. ಇದು ಕಂಡರೆ ಸಂಶಯವೇ ಬೇಡ.

ಹಂತ 2: ಬಳ್ಳಿ ಎಲ್ಲಿಂದ ತರುವುದು

ಬೀಜದ ತಂಟೆಗೆ ಹೋಗಬೇಡಿ. ಮೊಳೆಯುವುದು ನಿಧಾನ, ಮೊಳೆಯುವುದೂ ಕಡಿಮೆ. ಬೇರು ಬಿಟ್ಟ ಬಳ್ಳಿಯ ತುಂಡೇ ಸರಿ.

ಊರಿನ ತೋಟ ಇಲ್ಲದವರು ಸೊಪ್ಪಿನ ಅಂಗಡಿ ನೋಡಿ. ಬೆಂಗಳೂರಿನ ಗಾಂಧಿ ಬಜಾರ್, ಮಲ್ಲೇಶ್ವರದಂಥ ಕಡೆ ಒಂದೆಲಗದ ಕಟ್ಟು ಬರುತ್ತದೆ, ಕೆಲವೊಮ್ಮೆ ಬೇರು ಸಮೇತ. ಕಟ್ಟು ಬಿಚ್ಚಿ ಗೆಣ್ಣು, ಬೇರು ಇರುವ ತುಂಡುಗಳನ್ನು ಆರಿಸಿ, ಬರೀ ಎಲೆಗಳನ್ನು ಅಡುಗೆಗೆ ಕೊಡಿ. ಬರೀ ಎಲೆ ಮತ್ತು ತೊಟ್ಟನ್ನು ನೆಟ್ಟರೆ ಏನೂ ಬರುವುದಿಲ್ಲ. ನಾಲ್ಕು ದಿನ ಹಸಿರಾಗಿ ನಿಂತು ಆಸೆ ಹುಟ್ಟಿಸಿ ಕೊಳೆಯುತ್ತದೆ.

ಪ್ರಯಾಣದಲ್ಲಿ ಬೇರು ಒಣಗಬಾರದು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆ ಎಲೆ ಅಥವಾ ಪ್ಲಾಸ್ಟಿಕ್ ಸುತ್ತಿ. ಬಂದ ದಿನವೇ ನೆಡಿ. ಆಗದಿದ್ದರೆ ಬೇರು ಮುಳುಗುವಷ್ಟು ನೀರಲ್ಲಿ ನೆರಳಿಗೆ ಇಡಿ, ಒಂದೆರಡು ದಿನ ತಡೆಯುತ್ತದೆ.

ಹಂತ 3: ಸಾಮಾನು ಜೋಡಿಸಿಕೊಳ್ಳಿ

ಕುಂಡ ಅಗಲ ಇರಲಿ, ಆಳ ಬೇಡ. 15 ಇಂಚು ಅಥವಾ ಹೆಚ್ಚು ಅಗಲ, 6 ಇಂಚು ಆಳ ಸಾಕು. ಹಳೇ ಪ್ಲಾಸ್ಟಿಕ್ ಟಬ್, ಒಡೆದ ಬಾನಿಯ ತಳಭಾಗ, ಹಣ್ಣಿನ ಅಂಗಡಿಯ ಥರ್ಮಾಕೋಲ್ ಪೆಟ್ಟಿಗೆ, ಯಾವುದಾದರೂ ಆದೀತು. ತಳದಲ್ಲಿ ನಾಲ್ಕೈದು ತೂತು ಮಾಡಿ. "ಜೌಗಿನ ಗಿಡ ಅಲ್ವಾ, ತೂತು ಯಾಕೆ?" ಎಂದು ಕೇಳುತ್ತಾರೆ. ತೋಟದ ಕಾಲುವೆಯಲ್ಲಿ ನೀರು ತಂಪಾಗಿರುತ್ತದೆ, ಹರಿಯುತ್ತಲೂ ಇರುತ್ತದೆ. ಬಾಲ್ಕನಿಯ ಟಬ್ಬಿನಲ್ಲಿ ನಿಂತ ನೀರು ಮಧ್ಯಾಹ್ನಕ್ಕೆ ಬಿಸಿಯಾಗುತ್ತದೆ, ಎರಡು ದಿನಕ್ಕೆ ನಾರುತ್ತದೆ.

ಮಣ್ಣಿಗೆ: ಎರಡು ಪಾಲು ಕೆಂಪು ಮಣ್ಣು ಅಥವಾ ತೋಟದ ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಕೋಕೋಪೀಟನ್ನು ನೆನೆಸಿ, ಹಿಂಡಿ, ಮತ್ತೆ ಎರಡು ಸಲ ತೊಳೆಯಿರಿ. ಅದರಲ್ಲಿ ಉಪ್ಪು ಉಳಿದಿದ್ದರೆ ಎಲೆಯ ಅಂಚು ಸುಡುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ. ಸುಮ್ನೆ ಕೋಕೋಪೀಟ್ ಒಂದರಲ್ಲೇ ನೆಡಬೇಡಿ. ಮೇಲೆ ಒಣಗಿದಂತೆ, ಕೆಳಗೆ ಒದ್ದೆಯಾಗಿ ಇದ್ದು ಲೆಕ್ಕ ತಪ್ಪಿಸುತ್ತದೆ.

ಇನ್ನು ಬೇಕಾದದ್ದು ಸಣ್ಣ ಕತ್ತರಿ, ತೂತಿನ ಬಾಯಿಯ ನೀರಿನ ಕ್ಯಾನ್, ಮತ್ತು ಹತ್ತಿಪ್ಪತ್ತು ತೆಂಗಿನ ಗರಿಯ ಕಡ್ಡಿ. ಪೊರಕೆಯಿಂದ ಎಳೆದುಕೊಂಡರೂ ಆಯಿತು. ಬಿಸಿಲಿನ ತಾರಸಿಯಾದರೆ ಅರ್ಧ ಬಿಸಿಲು ತಡೆಯುವ ಶೇಡ್ ನೆಟ್ ಕೂಡ ಬೇಕು.

ಹಂತ 4: ನೆಡುವುದು

ಮುಂಗಾರು ಕಾಲೂರಿದ ಮೇಲೆ, ಜೂನ್ ಜುಲೈನಲ್ಲಿ ನೆಟ್ಟರೆ ಸುಲಭ. ಮಾರ್ಚ್ ಏಪ್ರಿಲ್‌ನಲ್ಲಿ ನೆಟ್ಟವರೇ ಹೆಚ್ಚು ಸೋತಿದ್ದಾರೆ. ಕರಾವಳಿ, ಮಲೆನಾಡಿನ ಜಡಿಮಳೆಯಲ್ಲಿ ಬಯಲಿಗೆ ಇಟ್ಟ ಹೊಸ ಟಬ್ಬಿನ ಮಣ್ಣೇ ಕೊಚ್ಚಿ ಹೋಗುತ್ತದೆ. ಅಲ್ಲಿಯವರು ಸೂರಿನ ನೀರು ಬೀಳದ ಕಡೆ ಇಡಿ.

1. ಟಬ್ಬಿಗೆ ಮಣ್ಣು ತುಂಬಿ, ಮೇಲೆ ಒಂದು ಇಂಚು ಜಾಗ ಬಿಡಿ. ನೆಡುವ ಮೊದಲೇ ಪೂರ್ತಿ ನೆನೆಸಿ. ಒಣಮಣ್ಣಿನಲ್ಲಿ ನೆಟ್ಟು ಆಮೇಲೆ ನೀರು ಹಾಕಿದರೆ ತುಂಡುಗಳೆಲ್ಲ ತೇಲಿ ಒಂದು ಮೂಲೆಗೆ ಸೇರುತ್ತವೆ.

2. ಬಳ್ಳಿಯನ್ನು ಎರಡು ಮೂರು ಗೆಣ್ಣು ಇರುವ ತುಂಡುಗಳಾಗಿ ಕತ್ತರಿಸಿ. ದೊಡ್ಡ ಎಲೆಗಳನ್ನು ತೆಗೆದುಬಿಡಿ, ತುಂಡಿಗೆ ಒಂದೋ ಎರಡೋ ಚಿಕ್ಕ ಎಲೆ ಇರಲಿ. ಇಲ್ಲಿ ಎಲ್ಲರ ಕೈ ತಡೆಯುತ್ತದೆ, ಹಸಿರೆಲೆ ಕಿತ್ತುಹಾಕಲು ಮನಸ್ಸು ಬರುವುದಿಲ್ಲ. ಆದರೆ ಗಾಯವಾದ ಬೇರು ಅಷ್ಟು ಎಲೆಗೆ ನೀರು ಒದಗಿಸಲಾರದು.

3. ತುಂಡನ್ನು ನಿಲ್ಲಿಸಬೇಡಿ, ಮಲಗಿಸಿ. ಬೇರು ಇರುವ ಗೆಣ್ಣು ಅರ್ಧ ಇಂಚು ಮಣ್ಣಿನೊಳಗೆ, ಎಲೆ ಹೊರಗೆ. ಎಳೆ ಚಿಗುರಿನ ಬುಡ ಹೂತುಹೋದರೆ ಕೊಳೆಯುತ್ತದೆ.

4. ತೆಂಗಿನ ಕಡ್ಡಿಯನ್ನು ಮೂರು ಇಂಚಿಗೆ ಮುರಿದು, ನಡುವೆ ಬಗ್ಗಿಸಿ, ತಲೆಪಿನ್ನಿನ ಹಾಗೆ ಬಳ್ಳಿಯ ಮೇಲೆ ಚುಚ್ಚಿ. ಪ್ರತಿ ಗೆಣ್ಣಿನ ಪಕ್ಕ ಒಂದು. ಗೆಣ್ಣು ಮಣ್ಣಿಗೆ ಒತ್ತಿಕೊಂಡಿರಬೇಕು. ನಾನು ಹಂಚಿದ ಬಳ್ಳಿಗಳಲ್ಲಿ ಉಳಿದವು, ಸತ್ತವು ಯಾವುವು ಎಂದು ನೋಡಿದರೆ, ಈ ಕಡ್ಡಿ ಚುಚ್ಚಿದವರದ್ದೇ ಹೆಚ್ಚು ಉಳಿದಿವೆ.

5. ತುಂಡಿನಿಂದ ತುಂಡಿಗೆ ನಾಲ್ಕೈದು ಇಂಚು ಅಂತರ. 15 ಇಂಚಿನ ಟಬ್ಬಿಗೆ ಆರೇಳು ತುಂಡು ಸಾಕು. ಒತ್ತೊತ್ತಾಗಿ ನೆಟ್ಟರೆ ಬೇಗ ತುಂಬಿದಂತೆ ಕಾಣುತ್ತದೆ, ಆದರೆ ಓಡಲು ಜಾಗವೇ ಇರುವುದಿಲ್ಲ.

ಹಂತ 5: ಮೊದಲ ಮೂರು ವಾರ

ಪೂರ್ತಿ ನೆರಳು. ದಿನಕ್ಕೆ ಎರಡು ಸಲ ಸಣ್ಣಗೆ ನೀರು. ಗೊಬ್ಬರ ಬೇಡ.

ಮೊದಲ ವಾರ ಇದ್ದ ಎಲೆಗಳು ಹಳದಿಯಾಗಿ ಬೀಳುತ್ತವೆ. ಇಲ್ಲೇ ಬಹಳ ಜನ ಟಬ್ ಖಾಲಿ ಮಾಡಿ ಬೇರೇನೋ ಹಾಕಿಬಿಡುತ್ತಾರೆ. ತಡೆಯಿರಿ. ಎಲೆಯನ್ನು ನೋಡಬೇಡಿ, ಗೆಣ್ಣನ್ನು ನೋಡಿ. ಗೆಣ್ಣು ಗಟ್ಟಿಯಾಗಿ ಹಸಿರಿದ್ದರೆ ಎರಡು ವಾರದ ಹೊತ್ತಿಗೆ ಮಡಿಸಿದ ಪುಟ್ಟ ಎಲೆ ಏಳುತ್ತದೆ. ಗೆಣ್ಣು ಮೆತ್ತಗಾಗಿ ಕಪ್ಪಾಗಿದ್ದರೆ ಆ ತುಂಡು ಹೋಯಿತು, ತೆಗೆದು ಎಸೆಯಿರಿ. ಬೇರು ಹಿಡಿದಿದೆಯಾ ಎಂದು ದಿನಾ ಎಳೆದು ನೋಡುವವರೂ ಇದ್ದಾರೆ. ಅವರಿಗೆ ನಾನು ಎರಡನೇ ಸಲ ಬಳ್ಳಿ ಕೊಡುವುದಿಲ್ಲ.

ಹಂತ 6: ಬಿಸಿಲು, ನೀರು

ಹೊಸ ಎಲೆ ಬಂದ ಮೇಲೆ ಬೆಳಗಿನ ಎರಡು ಮೂರು ಗಂಟೆಯ ಬಿಸಿಲು ಒಳ್ಳೆಯದು. ಹತ್ತೂವರೆಯ ನಂತರ ನೆರಳು ಬೇಕು. ಪೂರ್ವಕ್ಕೆ ತೆರೆದ ಬಾಲ್ಕನಿ ಹೇಳಿ ಮಾಡಿಸಿದ ಜಾಗ. ಪಶ್ಚಿಮದ ಬಾಲ್ಕನಿಯಾದರೆ ನೆಟ್ ಕಟ್ಟಿ, ಇಲ್ಲವೇ ದೊಡ್ಡ ಕುಂಡಗಳ ನೆರಳಲ್ಲಿ ಇಡಿ. ನಿಂಬೆ, ಕರಿಬೇವು, ದಾಸವಾಳದ ದೊಡ್ಡ ಡ್ರಮ್ ಇದ್ದರೆ ಅದರ ಬುಡದಲ್ಲೇ ಬಿಡಬಹುದು. ಅಡಿಕೆ ಮರದ ಕೆಳಗೆ ಇರುವ ವ್ಯವಸ್ಥೆಯೂ ಅದೇ ಅಲ್ವಾ? ಮಣ್ಣು ಒಣಗುವುದೂ ಕಡಿಮೆ.

ನೀರಿಗೆ ಗಂಟೆಯ ಲೆಕ್ಕ ಇಡಬೇಡಿ. ಬೆರಳು ತುದಿ ಮಣ್ಣಿಗೆ ಒತ್ತಿ ನೋಡಿ. ತಣ್ಣಗೆ, ಒದ್ದೆಯಾಗಿ ಹತ್ತಿದರೆ ಬೇಡ. ಬರೀ ಪುಡಿ ಹತ್ತಿದರೆ ಆಗಲೇ ತಡವಾಗಿದೆ. ಬೇರುಗಳು ಮೇಲ್ಮಣ್ಣಿನಲ್ಲೇ ಇರುವುದರಿಂದ ಮೇಲಿನ ಅರ್ಧ ಇಂಚು ಒಣಗುವುದೇ ಇದಕ್ಕೆ ಬರಗಾಲ. ಬೇಸಿಗೆಯಲ್ಲಿ ಎರಡು ದಿನ ಊರಿಗೆ ಹೋಗುವುದಿದ್ದರೆ ಟಬ್ಬನ್ನು ಒಂದು ಇಂಚು ನೀರಿರುವ ತಟ್ಟೆಯಲ್ಲಿ ಇಟ್ಟು, ಸ್ನಾನದ ಮನೆಯ ಕಿಟಕಿ ಬಳಿ ಬಿಡಿ. ಬಂದ ಕೂಡಲೇ ತಟ್ಟೆ ತೆಗೆಯಿರಿ.

ಆರ್‌ಓ ಯಂತ್ರ ಹೊರಹಾಕುವ ನೀರನ್ನು ಇದಕ್ಕೆ ಹಾಕಬೇಡಿ. ನೀರು ಉಳಿಸುವ ಆಸೆ ಸರಿ, ಆದರೆ ಅದರಲ್ಲಿ ಉಪ್ಪಿನಂಶ ಜಾಸ್ತಿ. ಗಡಸು ಬೋರ್‌ವೆಲ್ ನೀರು ಹಾಕುವವರ ಟಬ್ಬಿನ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಹಾಗಾದರೆ ತಿಂಗಳಿಗೊಮ್ಮೆ ಮಳೆನೀರನ್ನು ತಳದ ತೂತಿಂದ ಹರಿದುಹೋಗುವಷ್ಟು ಹಾಕಿ ಮಣ್ಣು ತೊಳೆಯಿರಿ.

ಗೊಬ್ಬರ ತಿಂಗಳಿಗೆ ಒಂದು ಹಿಡಿ ಎರೆಗೊಬ್ಬರ, ಎಲೆಗಳ ನಡುವೆ ಉದುರಿಸಿ. ಅಷ್ಟೇ. ಹಸಿ ಸಗಣಿ ನೀರನ್ನು ಮಾತ್ರ ಎರಚಬೇಡಿ, ನಾಳೆ ಹಸಿಯಾಗಿ ತಿನ್ನುವ ಎಲೆ ಅದು.

ಹಂತ 7: ಎಲೆ ಹೇಳುವ ಎಚ್ಚರಿಕೆ

ಎಲೆ ಚಿಕ್ಕದು, ದಪ್ಪ, ಅಂಚು ಕೆಂಪು: ಬಿಸಿಲು ಜಾಸ್ತಿ. ನೆರಳಿಗೆ ಸರಿಸಿ. ಹಳೇ ಎಲೆ ಸರಿಯಾಗುವುದಿಲ್ಲ, ಮುಂದೆ ಬರುವ ಎಲೆಗಳು ದೊಡ್ಡದಾದರೆ ಸಾಕು.

ತೊಟ್ಟು ಉದ್ದುದ್ದ, ಎಲೆ ತೆಳು, ಬಣ್ಣ ಪೇಲವ: ಬೆಳಕು ಸಾಲದು. ಮನೆಯೊಳಗೆ ಇಟ್ಟವರ ದೂರು ಇದು.

ಎಲ್ಲ ಎಲೆಗಳೂ ಒಟ್ಟಿಗೆ ಹಳದಿ, ಮಣ್ಣು ಹುಳಿಹುಳಿ ವಾಸನೆ: ತಳದಲ್ಲಿ ನೀರು ಕಟ್ಟಿದೆ. ತೂತು ಮುಚ್ಚಿರಬಹುದು, ಕಡ್ಡಿಯಿಂದ ಕೆಳಗಿನಿಂದ ಚುಚ್ಚಿ. ಹಳೇ ಎಲೆ ಮಾತ್ರ ನಿಧಾನವಾಗಿ ಹಳದಿಯಾಗುತ್ತಿದ್ದರೆ ಗೊಬ್ಬರದ ಕೊರತೆ, ಇಲ್ಲವೇ ಬರೀ ವಯಸ್ಸು.

ಅಂಚು ಕಂದು, ಗರಿಗರಿ: ಉಪ್ಪು. ಮೇಲೆ ಹೇಳಿದ ಹಾಗೆ ತೊಳೆಯಿರಿ.

ಬರೀ ಬಳ್ಳಿ ಟಬ್ಬಿನಾಚೆ ಇಳಿದು ಜೋತುಬಿದ್ದಿದೆ: ಒಳಗೆ ಜಾಗ ಮುಗಿದಿದೆ. ನೋಡಲು ಚಂದ, ಸೊಪ್ಪಿಗೆ ಉಪಯೋಗವಿಲ್ಲ. ಎತ್ತಿ ಮತ್ತೆ ಒಳಗೆ ತಿರುಗಿಸಿ ಕಡ್ಡಿ ಚುಚ್ಚಿ, ಅಥವಾ ಪಕ್ಕದಲ್ಲೇ ಇನ್ನೊಂದು ಟಬ್ ಇಟ್ಟು ಅದರೊಳಗೆ ಊರಿ. ಬೇರು ಹಿಡಿದ ಮೇಲೆ ನಡುವೆ ಕತ್ತರಿಸಿದರೆ ಎರಡನೇ ಟಬ್ ಸಿದ್ಧ.

ಎಲೆಯಲ್ಲಿ ಅಡ್ಡಾದಿಡ್ಡಿ ತೂತು, ಬೆಳಿಗ್ಗೆ ಹೊಳೆಯುವ ಲೋಳೆ ಗೆರೆ: ಬಸವನಹುಳು. ಮಳೆಗಾಲದಲ್ಲಿ ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಉಪಾಯ. ಕೈಗೆ ಪ್ಲಾಸ್ಟಿಕ್ ಸುತ್ತಿಕೊಳ್ಳಿ. ಲೋಳೆ ಹತ್ತಿದ ಎಲೆಗಳನ್ನು ಅಡುಗೆಗೆ ತರಬೇಡಿ. ಔಷಧಿ ಹೊಡೆಯುವ ಮಾತೇ ಬೇಡ.

ಹೂ ಬಂತು ಎಂದು ಗಾಬರಿಯಾಗಿ ಚಿವುಟುವವರಿದ್ದಾರೆ. ಕೊತ್ತಂಬರಿ ಹೂ ಬಿಟ್ಟರೆ ಅದರ ಕಥೆ ಮುಗಿಯಿತು, ನಿಜ. ಒಂದೆಲಗ ಹಾಗಲ್ಲ. ಇದು ವರ್ಷಗಟ್ಟಲೆ ಬದುಕುವ ಬಳ್ಳಿ, ಹೂ ಬಿಟ್ಟರೂ ಓಡುತ್ತಲೇ ಇರುತ್ತದೆ. ಬಿಟ್ಟುಬಿಡಿ.

ಹಂತ 8: ಕೊಯ್ಯುವುದು

ನೆಟ್ಟು ಎರಡೂವರೆ ಮೂರು ತಿಂಗಳಾಗಿ, ಮಣ್ಣು ಕಾಣದಷ್ಟು ಹಬ್ಬಿದ ಮೇಲೆ ಮೊದಲ ಕೊಯ್ಲು. ಅದಕ್ಕೆ ಮೊದಲು ಚಟ್ನಿಗೆಂದು ನಾಲ್ಕು ಎಲೆ ಕಿತ್ತರೆ ಬಳ್ಳಿ ಅಷ್ಟು ಹಿಂದೆ ಬೀಳುತ್ತದೆ.

ಕೈಯಿಂದ ಎಳೆಯಬೇಡಿ. ಎಳೆದರೆ ತೊಟ್ಟಿನ ಜೊತೆ ಗೆಣ್ಣು, ಗೆಣ್ಣಿನ ಜೊತೆ ಬೇರು ಬರುತ್ತದೆ, ಪಕ್ಕದ ಎರಡು ಗೆಣ್ಣೂ ಸಡಿಲವಾಗುತ್ತವೆ. ತೋಟದಲ್ಲಿ ಅಜ್ಜಿ ಬೇರು ಸಮೇತ ಕೀಳುತ್ತಿದ್ದರು, ತಂಬುಳಿಗೆ ಬೇರನ್ನೂ ಅರೆಯುತ್ತಿದ್ದರು. ಅಲ್ಲಿ ಎಕರೆಗಟ್ಟಲೆ ಇತ್ತು, ನಡೆಯಿತು. ಟಬ್ಬಿನಲ್ಲಿ ಕತ್ತರಿಯಿಂದ ತೊಟ್ಟನ್ನು ಮಾತ್ರ ಕತ್ತರಿಸಿ, ಬುಡದಲ್ಲಿ ಒಂದು ಇಂಚು ಬಿಡಿ. ಮೂರರಲ್ಲಿ ಎರಡು ಪಾಲು ತೆಗೆದು ಒಂದು ಪಾಲು ಎಲೆ ಉಳಿಸಿ. ಮತ್ತೆ ಅಷ್ಟೇ ತುಂಬಲು ಒಂದೂವರೆ ತಿಂಗಳಾದರೂ ಬೇಕು. ಹಾಗಾಗಿ ವಾರಕ್ಕೊಂದು ತಂಬುಳಿ ಬೇಕೆನ್ನುವವರಿಗೆ ಒಂದು ಟಬ್ ಸಾಲದು, ಮೂರು ನಾಲ್ಕು ಇಟ್ಟು ಸರದಿಯಲ್ಲಿ ಕೊಯ್ಯಿರಿ.

ಒಂದು ಗಂಭೀರ ವಿಷಯ. ಟಬ್ ತುಂಬುವವರೆಗೆ ಕಾಯಲಾರದೆ ರಸ್ತೆ ಬದಿ, ಚರಂಡಿ ಪಕ್ಕ ಕಂಡ ಒಂದೆಲಗವನ್ನು ಕಿತ್ತು ತರಬೇಡಿ. ಈ ಬಳ್ಳಿ ಮಣ್ಣಿನಲ್ಲಿರುವ ಸೀಸದಂಥ ಲೋಹಗಳನ್ನು ಹೀರಿ ಎಲೆಯಲ್ಲಿ ಇಟ್ಟುಕೊಳ್ಳುತ್ತದೆ. ತೊಳೆದರೆ ಅದು ಹೋಗುವುದಿಲ್ಲ. ದನ, ಕುರಿ ಮೇಯುವ ಜೌಗಿನಲ್ಲಿ ಸಿಕ್ಕಿದ್ದನ್ನೂ ಹಸಿ ತಿನ್ನಬೇಡಿ. ಅಂಥ ನೀರಿನ ಸೊಪ್ಪುಗಳ ಮೂಲಕ ಯಕೃತ್ತಿನ ಹುಳು ಮನುಷ್ಯರಿಗೂ ಬರುತ್ತದೆ.

ಹಂತ 9: ತಂಬುಳಿ

ಮೊದಲು ಒಂದು ಪಾತ್ರೆ ನೀರಲ್ಲಿ ಎಲೆ ಮುಳುಗಿಸಿ ಐದು ನಿಮಿಷ ಬಿಡಿ, ಮಣ್ಣು ತಳಕ್ಕೆ ಇಳಿಯುತ್ತದೆ. ಎಲೆಯನ್ನು ಮೇಲಿಂದ ಎತ್ತಿ, ನೀರು ಬಗ್ಗಿಸಿ ಸೋಸಬೇಡಿ. ಹೀಗೆ ಮೂರು ಸಲ, ಆಮೇಲೆ ನಲ್ಲಿಯ ಕೆಳಗೆ ಒಮ್ಮೆ. ಸೀಳಿನ ಬುಡದಲ್ಲಿ ಮಣ್ಣು ಸಿಕ್ಕಿಕೊಂಡಿರುತ್ತದೆ, ಬೆರಳಿಂದ ಉಜ್ಜಿ.

ನಾಲ್ಕು ಜನಕ್ಕೆ ಇಪ್ಪತ್ತೈದು ಮೂವತ್ತು ಎಲೆ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿದು, ಎಲೆ ಹಾಕಿ ಬಾಡಿಸಿ. ಬಾಡಿದರೆ ಸಾಕು, ಒಂದು ನಿಮಿಷ. ಕಪ್ಪಾಗುವ ತನಕ ಬಿಟ್ಟರೆ ಕಹಿ ಏರುತ್ತದೆ. ಪೂರ್ತಿ ಆರಿದ ಮೇಲೆ ಕಾಲು ಬಟ್ಟಲು ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ. ಆರದೆ ಮಜ್ಜಿಗೆ ಸೇರಿಸಿದರೆ ಒಡೆಯುತ್ತದೆ. ಎರಡು ಬಟ್ಟಲು ಸಿಹಿಯಾದ ಮಜ್ಜಿಗೆ, ಉಪ್ಪು. ಮಜ್ಜಿಗೆ ಹುಳಿಯಾದರೆ ಒಂದೆಲಗದ ರುಚಿ ಸತ್ತುಹೋಗುತ್ತದೆ. ತುಪ್ಪದಲ್ಲಿ ಸಾಸಿವೆ, ಒಂದು ಬ್ಯಾಡಗಿ ಮೆಣಸಿನ ಒಗ್ಗರಣೆ. ಒಗ್ಗರಣೆಯ ನಂತರ ಒಲೆಯ ಮೇಲೆ ಇಡಬೇಡಿ, ತಂಬುಳಿ ಕುದಿಸುವ ಪದಾರ್ಥವಲ್ಲ. ಊಟದ ಶುರುವಿಗೆ, ಬಿಸಿ ಅನ್ನಕ್ಕೆ. ಮಾಡಿದ ಹೊತ್ತಿಗೇ ಮುಗಿಸಿ, ರಾತ್ರಿಗೆ ಇಟ್ಟರೆ ಬಣ್ಣವೂ ಕೆಡುತ್ತದೆ, ರುಚಿಯೂ.

ವಾರಕ್ಕೆ ಒಂದೆರಡು ಸಲ ಊಟದಲ್ಲಿ ತಿನ್ನುವುದು ಬೇರೆ, ದಿನಾ ರಸ ಹಿಂಡಿ ಕುಡಿಯುವುದು ಬೇರೆ. ಇದರ ಮಾತ್ರೆಗಳನ್ನು ವಾರಗಟ್ಟಲೆ ತೆಗೆದುಕೊಂಡವರಲ್ಲಿ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ನಿದ್ರೆ ಮಾತ್ರೆ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿ.

ಹಂತ 10: ವರ್ಷಕ್ಕೊಮ್ಮೆ ಬಿಡಿಸಿ ನೆಡುವುದು

ವರ್ಷ ಕಳೆದ ಮೇಲೆ ಟಬ್ಬಿನಲ್ಲಿ ಬಳ್ಳಿಯ ಮೇಲೆ ಬಳ್ಳಿ ಹೆಣೆದುಕೊಂಡು ಚಾಪೆಯಾಗುತ್ತದೆ. ಮೇಲಿನ ಬಳ್ಳಿಯ ಗೆಣ್ಣುಗಳಿಗೆ ಮಣ್ಣು ಮುಟ್ಟುವುದಿಲ್ಲ. ನೀರು ಹಾಕಿದರೆ ಒಳಗೆ ಇಳಿಯದೆ ಬದಿಯಿಂದ ಜಾರುತ್ತದೆ, ಎಲೆ ಮತ್ತೆ ಚಿಕ್ಕದಾಗುತ್ತದೆ. ಚೆನ್ನಾಗಿದ್ದ ಗಿಡ ಇದ್ದಕ್ಕಿದ್ದಂತೆ ಸೊರಗಿತು ಎನ್ನುವವರಲ್ಲಿ ಅರ್ಧ ಜನರದ್ದು ಇದೇ ತೊಂದರೆ.

ಮೊದಲ ಮಳೆ ಬಿದ್ದ ಮೇಲೆ ಟಬ್ಬಿನ ಅರ್ಧ ಭಾಗವನ್ನು ಚಾಕುವಿನಿಂದ ದೋಸೆ ಕತ್ತರಿಸಿದಂತೆ ಕತ್ತರಿಸಿ ಎತ್ತಿ. ಆ ಜಾಗಕ್ಕೆ ಹೊಸ ಮಣ್ಣು ತುಂಬಿ. ಉಳಿದ ಅರ್ಧದಿಂದ ಬಳ್ಳಿಗಳನ್ನು ಹೊಸ ಮಣ್ಣಿನ ಕಡೆ ತಿರುಗಿಸಿ ಕಡ್ಡಿ ಚುಚ್ಚಿ. ಮುಂದಿನ ವರ್ಷ ಇನ್ನೊಂದು ಅರ್ಧ. ಎರಡನ್ನೂ ಒಟ್ಟಿಗೆ ಎತ್ತಬೇಡಿ, ಮಳೆ ಕೈಕೊಟ್ಟರೆ ಬೀಜಕ್ಕೂ ಬಳ್ಳಿ ಉಳಿಯುವುದಿಲ್ಲ. ಎತ್ತಿದ ಭಾಗವನ್ನು ಯಾರಿಗಾದರೂ ಕೊಡುವುದಿದ್ದರೆ ಜೊತೆಗೆ ನಾಲ್ಕು ತೆಂಗಿನ ಕಡ್ಡಿಯನ್ನೂ ಕೊಡಿ.